ತೋಟದ ಆಫೀಸಿನ ಸ್ವಿಚ್‌ಗೆ ಗಡಿಯಾರ, ಕ್ಯಾಮೆರಾ, ತೂಕದ ಮಷೀನು ಜೋಡಿಸೋದು ಹೇಗೆ: ಕೊಡಗಿನ ಮಳೆ, ಸಿಡಿಲು, ಕರೆಂಟು ಎಲ್ಲಾ ಲೆಕ್ಕ ಹಾಕಿ

ಕಾಫಿ ಕುಯ್ಲು ಟೈಮಲ್ಲಿ ಮೂಟೆ ಕಳ್ಳತನ ಆಯ್ತು ಅಂದ್ರೆ ಎಲ್ಲರೂ ಮೊದಲು ಓಡೋದು ಕ್ಯಾಮೆರಾ ರೆಕಾರ್ಡಿಂಗ್ ನೋಡೋಕೆ. ಅಲ್ಲಿ ಗೇಟಿನ ಕ್ಯಾಮೆರಾ ಪ್ರಕಾರ ಪಿಕಪ್ ಹೊರಗೆ ಹೋಗಿದ್ದು ರಾತ್ರಿ 9.40ಕ್ಕೆ, ಕಣದ ಕ್ಯಾಮೆರಾ ಪ್ರಕಾರ ಅದೇ ಪಿಕಪ್‌ಗೆ ಮೂಟೆ ಹಾಕ್ತಾ ಇರೋದು 9.52ಕ್ಕೆ, ಅಂದ್ರೆ ಗಾಡಿ ಗೇಟು ದಾಟಿ ಹೋದ ಹನ್ನೆರಡು ನಿಮಿಷ ಆದಮೇಲೆ ಒಳಗೆ ಲೋಡ್ ಆಗ್ತಾ ಇದೆ! ಇಂಥ ಫುಟೇಜ್ ತಗೊಂಡು ಸ್ಟೇಷನ್‌ಗೆ ಹೋದ್ರೆ ಮೊದಲನೇ ಪ್ರಶ್ನೆಗೇ ನಮ್ಮ ಹತ್ರ ಉತ್ತರ ಇರಲ್ಲ. ಕ್ಯಾಮೆರಾ ಚೆನ್ನಾಗೇ ಇದೆ, ಹಾರ್ಡ್ ಡಿಸ್ಕ್ ಚೆನ್ನಾಗೇ ಇದೆ, ಟೈಮ್ ಒಂದು ಸರಿ ಇಲ್ಲ ಅಷ್ಟೇ.

ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ನೆರೆ ಅನ್ನೋ ಎಲೆಕಟ್ಟು ಕಟ್ಟೋಕೆ ಇಷ್ಟು ಗಂಟೆ ಇಷ್ಟು ನಿಮಿಷ, ಕದಿರು ತೆಗೆಯೋಕೆ ಇಷ್ಟು ಗಂಟೆ ಇಷ್ಟು ನಿಮಿಷ ಅಂತ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿ ಮಾಡಿದ್ರೆ ಇಡೀ ಜಿಲ್ಲೆ ಆ ನಿಮಿಷಕ್ಕೆ ಕಾಯುತ್ತೆ, ತಲಕಾವೇರಿ ತೀರ್ಥೋದ್ಭವಕ್ಕೂ ಹಾಗೇ. ನಿಮಿಷದ ಬೆಲೆ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದ್ರೆ ಅದೇ ಮನೆಯ ಆಫೀಸ್ ರೂಮಲ್ಲಿ ಅಟೆಂಡೆನ್ಸ್ ಮಷೀನು ಒಂದು ಟೈಮು, ಬಿಲ್ಲಿಂಗ್ ಕಂಪ್ಯೂಟರ್ ಒಂದು ಟೈಮು, ಗೋಡೆ ಗಡಿಯಾರ ಇನ್ನೊಂದು. ಇದನ್ನ ಸರಿ ಮಾಡೋಕೆ ದೊಡ್ಡ ಖರ್ಚೇನಿಲ್ಲ, ಜೋಡಿಸೋ ಕ್ರಮ ಗೊತ್ತಿರಬೇಕು. ತೋಟದ ಆಫೀಸು, ಹೋಂಸ್ಟೇ, ಸಣ್ಣ ಶಾಲೆ, ಸೊಸೈಟಿ, ಎಲ್ಲದಕ್ಕೂ ಇದೇ ಕ್ರಮ ಆಗುತ್ತೆ.

ಮೊದಲು ಪೇಪರ್ ಮೇಲೆ

ಇಲ್ಲಿ ಸ್ವಿಚ್ ಅಂದ್ರೆ ಎಲ್ಲಾ ಮಷೀನಿನ ನೆಟ್‌ವರ್ಕ್ ಕೇಬಲ್ ಬಂದು ಸೇರೋ ಡಬ್ಬ, ಅದರಲ್ಲಿ ಕೇಬಲ್ ಚುಚ್ಚೋ ಒಂದೊಂದು ತೂತೂ ಒಂದು ಪೋರ್ಟ್. ಅದನ್ನ ಕೊಳ್ಳೋಕೆ ಮುಂಚೆ ಒಂದು ಹಾಳೆ ತಗೊಂಡು ಏನೇನು ಜೋಡಿಸಬೇಕು, ಎಲ್ಲಿದೆ, ಎಷ್ಟು ದೂರ, ಕರೆಂಟು ಎಲ್ಲಿಂದ ಅಂತ ಬರೀರಿ. ಗೇಟ್ ಕ್ಯಾಮೆರಾ, ಕಣದ ಕ್ಯಾಮೆರಾ, ಗೋಡೌನ್ ಕ್ಯಾಮೆರಾ, ವೈಫೈ ಬಾಕ್ಸು, ಅಟೆಂಡೆನ್ಸ್ ಮಷೀನು, ಪ್ರಿಂಟರು, ತೂಕದ ಮಷೀನು, ಗೋಡೆ ಮೇಲಿನ ಡಿಜಿಟಲ್ ಗಡಿಯಾರ, ರೆಕಾರ್ಡರ್ ಅಂದ್ರೆ ಎನ್‌ವಿಆರ್. ಇಷ್ಟಕ್ಕೇ ಒಂಬತ್ತು ಪೋರ್ಟ್ ಆಯ್ತು, ರೂಟರ್‌ಗೆ ಒಂದು, ಹಾಗಾಗಿ 8 ಪೋರ್ಟ್ ಸ್ವಿಚ್ ತಗೊಂಡು ಆಮೇಲೆ ಅದಕ್ಕೆ ಇನ್ನೊಂದು ಸಣ್ಣದನ್ನ ನೇತು ಹಾಕೋ ಬದಲು ಮೊದಲೇ 16 ಪೋರ್ಟಿನದು ತಗೊಳ್ಳಿ. ಪಿಓಇ ಇರೋದೇ ಬೇಕು, ಅಂದ್ರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟೂ ಹೋಗೋದು. ಒಂದು ಯುಪಿಎಸ್ ಸ್ವಿಚ್‌ಗೆ ಕೊಟ್ರೆ ಸಾಕು, ಗಡಿಯಾರ ಕ್ಯಾಮೆರಾ ಎಲ್ಲಾ ಕರೆಂಟ್ ಹೋದಾಗಲೂ ಬ್ಯಾಟರಿ ಇರೋವರೆಗೆ ಓಡ್ತಾ ಇರುತ್ತೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರಲ್ಲಿ ಇದು ದೊಡ್ಡ ಅನುಕೂಲ.

ಪಿಓಇ ಲೆಕ್ಕದಲ್ಲಿ ಸುಮಾರು ಜನ ತಪ್ತಾರೆ. ಸ್ವಿಚ್ ಡಬ್ಬದ ಮೇಲೆ ಒಂದು ಪೋರ್ಟಿಗೆ 30 ವಾಟ್ ಅಂತ ಇದ್ರೆ ಎಲ್ಲಾ ಪೋರ್ಟಿಗೂ ಒಟ್ಟಿಗೆ ಅಷ್ಟು ಸಿಗುತ್ತೆ ಅಂತಲ್ಲ, ಒಟ್ಟು ಬಜೆಟ್ ಬೇರೆ ಇರುತ್ತೆ, ಅದನ್ನೇ ನೋಡಬೇಕು. ಹಳೇ ಸ್ಟ್ಯಾಂಡರ್ಡ್ 802.3ಎಎಫ್‌ನಲ್ಲಿ ಪೋರ್ಟಿಂದ ಹೊರಡೋದು 15.4 ವಾಟ್, ಕೇಬಲ್‌ನಲ್ಲಿ ಕಳೆದು ಆ ಕಡೆ ಮಷೀನಿಗೆ ಗ್ಯಾರಂಟಿ ಸಿಗೋದು 12.95. ಅದರ ನಂತರದ 802.3ಎಟಿಯಲ್ಲಿ 30 ಹೊರಟು 25.5 ತಲುಪುತ್ತೆ. ಕ್ಯಾಮೆರಾ ಹಗಲಲ್ಲಿ ಕಮ್ಮಿ ಎಳೆಯುತ್ತೆ, ರಾತ್ರಿ ಇನ್‌ಫ್ರಾರೆಡ್ ಲೈಟ್ ಆನ್ ಆದ ತಕ್ಷಣ ಜಾಸ್ತಿ ಎಳೆಯುತ್ತೆ, ಅದಕ್ಕೇ ಹಗಲು ಇನ್‌ಸ್ಟಾಲ್ ಮಾಡಿದಾಗ ಎಲ್ಲಾ ಸರಿಯಿದ್ದು ಕತ್ತಲಾದ ಮೇಲೆ ಒಂದೊಂದೇ ಕ್ಯಾಮೆರಾ ರೀಸ್ಟಾರ್ಟ್ ಆಗ್ತಾ ಇರುತ್ತೆ. ಪ್ರತಿ ಮಷೀನಿನ ಲೇಬಲ್ ಮೇಲಿರೋ ಗರಿಷ್ಠ ವಾಟ್ ಕೂಡಿಸಿ, ಅದರ ಮೇಲೆ ಐದನೇ ಒಂದು ಭಾಗ ಜಾಸ್ತಿ ಇಟ್ಟುಕೊಂಡು ಸ್ವಿಚ್ ಆರಿಸಿ. ಸೆಟ್ಟಿಂಗ್ ಮಾಡೋಕೆ ಬರೋ ಮ್ಯಾನೇಜ್ಡ್ ಸ್ವಿಚ್ ಆದ್ರೆ ಪಿಓಇ ಪ್ರಯಾರಿಟಿ ಅಂತ ಇರುತ್ತೆ, ಅದರಲ್ಲಿ ಗೇಟ್ ಕ್ಯಾಮೆರಾಗೆ ಮತ್ತೆ ಗಡಿಯಾರಕ್ಕೆ ಹೈ ಕೊಡಿ, ಕರೆಂಟ್ ಸಾಲದೇ ಇದ್ರೆ ವೈಫೈ ಬಾಕ್ಸ್ ಮೊದಲು ಹೋಗಲಿ.

ಇನ್ನೊಂದು ಎಚ್ಚರಿಕೆ ಏನಂದ್ರೆ ಕೆಲವು ವೈರ್‌ಲೆಸ್ ರೇಡಿಯೋಗಳ ಜೊತೆ ಬರೋ 24 ವೋಲ್ಟ್ ಅಡಾಪ್ಟರ್ ಪಿಓಇ ಥರಾನೇ ಕಾಣುತ್ತೆ, ಆದ್ರೆ ಅದು ಆ ಕಡೆ ಏನಿದೆ ಅಂತ ಕೇಳದೇ ಸದಾ ಕರೆಂಟ್ ಕೊಡ್ತಾನೇ ಇರುತ್ತೆ. ಅದನ್ನ ಬೇರೆ ಮಷೀನಿಗೆ ಚುಚ್ಚಿದ್ರೆ ಸುಟ್ಟು ಹೋಗಬಹುದು. ಅದರ ಮೇಲೆ ಕೆಂಪು ಟೇಪ್ ಸುತ್ತಿಡಿ.

ಕೇಬಲ್

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಕೇಬಲ್‌ನಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ. ಅಂಗಡಿಯಲ್ಲಿ ಅರ್ಧ ರೇಟಿಗೆ ಸಿಗೋದು ಒಳಗೆ ಅಲ್ಯೂಮಿನಿಯಂ ಇದ್ದು ಮೇಲೆ ತಾಮ್ರದ ಲೇಪ ಇರೋದು. ಬ್ಲೇಡಲ್ಲಿ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ವಾಪಸ್ ಕೊಟ್ಟುಬಿಡಿ. ಪಿಓಇ ಕರೆಂಟ್ ಹೋಗೋವಾಗ ಅದರಲ್ಲಿ ವೋಲ್ಟೇಜ್ ಜಾಸ್ತಿ ಇಳಿಯುತ್ತೆ, ಕ್ರಿಂಪ್ ಮಾಡಿದ, ಅಂದ್ರೆ ತುದಿಗೆ ಪ್ಲಗ್ ಒತ್ತಿ ಕೂರಿಸಿದ ಜಾಗದಲ್ಲಿ ಎಳೆ ಮುರಿಯುತ್ತೆ, ನಮ್ಮ ಥಂಡಿಗೆ ಬೇಗ ಸವೆದೂ ಹೋಗುತ್ತೆ. ಶುದ್ಧ ತಾಮ್ರದ ಕ್ಯಾಟ್6 ತಗೊಳ್ಳಿ, ಹೊರಗಡೆ ಹೋಗೋದಕ್ಕೆ ಕಪ್ಪು ಔಟ್‌ಡೋರ್ ಕೇಬಲ್ಲೇ ಬೇಕು, ಬೂದು ಬಣ್ಣದ ಒಳಾಂಗಣ ಕೇಬಲ್ ಬಿಸಿಲಿಗೆ ಬಿರುಕು ಬಿಟ್ಟು ಮುಂದಿನ ಮಳೆಗೆ ನೀರು ಕುಡಿಯುತ್ತೆ.

ಎರಡೂ ತುದಿಗೆ ಒಂದೇ ಕ್ರಮದಲ್ಲಿ ಕ್ರಿಂಪ್ ಮಾಡಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟೆಸ್ಟರ್ ಹಾಕಿ ಎಂಟೂ ಲೈಟ್ ಸಾಲಾಗಿ ಬರ್ತವಾ ನೋಡಿ. ಉದ್ದ ನೂರು ಮೀಟರ್ ಒಳಗೆ, ಆಫೀಸ್ ಒಳಗಿನ ಚಿಕ್ಕ ಪ್ಯಾಚ್ ಕಾರ್ಡ್ ಕೂಡ ಸೇರಿಸಿ. ಸುಮಾರು ಸಿಸಿಟಿವಿ ಸ್ವಿಚ್‌ಗಳಲ್ಲಿ ಎಕ್ಸ್‌ಟೆಂಡ್ ಅಂತ ಒಂದು ಬಟನ್ ಇರುತ್ತೆ, 250 ಮೀಟರ್ ಅಂತ ಬರೆದಿರ್ತಾರೆ, ಅದನ್ನ ಒತ್ತಿದ್ರೆ ಆ ಪೋರ್ಟುಗಳ ಸ್ಪೀಡ್ 10 ಎಂಬಿಪಿಎಸ್‌ಗೆ ಇಳಿಯುತ್ತೆ. ಒಂದು ಕ್ಯಾಮೆರಾಗೆ ನಡೆಯುತ್ತೆ, ಅದರಾಚೆ ಇನ್ನೊಂದು ಸ್ವಿಚ್ ಹಾಕೋದಾದ್ರೆ ಬೇಡ.

ಗೋಡೆ ಒಳಗೆ ಬರೋ ಜಾಗದಲ್ಲಿ ಕೇಬಲ್ ನೇರವಾಗಿ ತೂತಿಗೆ ಹೋಗಬಾರದು, ತೂತಿನ ಕೆಳಗೆ ಒಂದು ಗೇಣು ಇಳಿಸಿ ಮತ್ತೆ ಮೇಲೆ ಹತ್ತಿಸಿ ಒಳಗೆ ತನ್ನಿ, ನೀರು ಆ ಬಳಸಿನ ತಳದಲ್ಲೇ ತೊಟ್ಟಿಕ್ಕುತ್ತೆ. ಜಂಕ್ಷನ್ ಬಾಕ್ಸಿಗೆ ಕೇಬಲ್ ಯಾವತ್ತೂ ತಳದಿಂದ, ನೀರು ಹೋಗದ ಹಾಗೆ ಬಿಗಿಯೋ ಗ್ಲ್ಯಾಂಡ್ ಹಾಕಿ. ಖಾಲಿ ತೂತು ಒಂದೂ ಬಿಡಬೇಡಿ, ಇರುವೆ ಹಲ್ಲಿ ಒಳಗೆ ಸಂಸಾರ ಹೂಡ್ತವೆ, ಹಲ್ಲಿ ಸರ್ಕ್ಯೂಟ್ ಬೋರ್ಡ್ ಮೇಲೆ ಸತ್ತು ಶಾರ್ಟ್ ಆಗೋದು ಇಲ್ಲಿ ಮಾಮೂಲಿ.

ಸಿಡಿಲು

ಇದನ್ನ ನಾನು ಎಲ್ಲಕ್ಕಿಂತ ಮುಖ್ಯ ಅಂತ ನಂಬಿದ್ದೀನಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಕೊಡಗಲ್ಲಿ ಎಷ್ಟು ರೂಟರ್, ಸ್ವಿಚ್, ಡಿವಿಆರ್ ಸುಟ್ಟು ರಿಪೇರಿ ಅಂಗಡಿಗೆ ಬರ್ತವೆ ಅಂತ ಮಡಿಕೇರಿ, ಗೋಣಿಕೊಪ್ಪದ ಯಾವ ಅಂಗಡಿಯವರನ್ನ ಕೇಳಿದ್ರೂ ಹೇಳ್ತಾರೆ. ಸಿಡಿಲು ನೇರ ಸ್ವಿಚ್ ಮೇಲೇ ಬೀಳಬೇಕು ಅಂತಿಲ್ಲ, ದೂರದ ಸಿಲ್ವರ್ ಮರಕ್ಕೆ ಬಿದ್ದರೂ ಹತ್ತಿರ ಹಾದುಹೋಗೋ ಉದ್ದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತೆ, ಆ ತಂತಿ ಬಂದು ಸೇರೋದು ನಿಮ್ಮ ಸ್ವಿಚ್‌ಗೆ, ಸ್ವಿಚ್‌ನಿಂದ ಉಳಿದ ಎಲ್ಲಾ ಮಷೀನಿಗೆ.

ಹಾಗಾಗಿ ಬಂಗಲೆಯಿಂದ ಗೋಡೌನಿಗೆ, ಆಫೀಸಿಂದ ಗೇಟಿಗೆ, ಅಂದ್ರೆ ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ತಾಮ್ರ ಎಳೀಬೇಡಿ, ಫೈಬರ್ ಎಳೀರಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಆ ಕಡೆ ಒಂದು ಸಣ್ಣ ಪಿಓಇ ಸ್ವಿಚ್, ಈ ಕಡೆ ಸ್ವಿಚ್‌ನಲ್ಲಿ ಫೈಬರ್ ಜೋಡಿಸೋ ಎಸ್‌ಎಫ್‌ಪಿ ಸ್ಲಾಟ್ ಇದ್ರೆ ಅದಕ್ಕೆ ಮಾಡ್ಯೂಲ್, ಇಲ್ಲದಿದ್ರೆ ಫೈಬರನ್ನ ತಾಮ್ರದ ಕೇಬಲ್‌ಗೆ ಸೇರಿಸೋ ಡಬ್ಬ, ಅಂದ್ರೆ ಒಂದು ಜೊತೆ ಮೀಡಿಯಾ ಕನ್ವರ್ಟರ್. ಊರಿಗೆ ಇಂಟರ್ನೆಟ್ ಕೊಡೋ ಕೇಬಲ್ ಹುಡುಗರ ಹತ್ರಾನೇ ಫೈಬರ್ ಜಾಯಿಂಟ್ ಮಾಡೋ ಮಷೀನು ಇರುತ್ತೆ, ಕರೆದ್ರೆ ಬಂದು ಮಾಡಿಕೊಡ್ತಾರೆ. ಆದ್ರೆ ಅವರು ತರೋ ಡ್ರಾಪ್ ಕೇಬಲ್ ಪಕ್ಕದಲ್ಲಿ ಒಂದು ಸ್ಟೀಲ್ ತಂತಿ ಓಡಿರುತ್ತೆ, ತೂಗು ಹಾಕೋಕೆ ಅಂತ. ಆ ಸ್ಟೀಲ್ ತಂತಿಯನ್ನ ಗೋಡೆ ಹೊರಗಡೆ ಹುಕ್ಕಿಗೆ ಕಟ್ಟಿ ಅಲ್ಲೇ ಕತ್ತರಿಸಬೇಕು, ರ‍್ಯಾಕ್ ಒಳಗೆ ತಂದ್ರೆ ಫೈಬರ್ ಹಾಕಿದ ಉದ್ದೇಶಾನೇ ಹೋಯ್ತು. ಕೆಲವು ಡ್ರಾಪ್ ಕೇಬಲ್ಲಲ್ಲಿ ಫೈಬರ್ ಪಕ್ಕದಲ್ಲೇ ಇನ್ನೆರಡು ಸಣ್ಣ ಲೋಹದ ಎಳೆ ಇರ್ತವೆ, ಲೋಹ ಇಲ್ಲದ್ದೇ ಬೇಕು ಅಂತ ಕೇಳಿ ತರಿಸಿ.

ತಾಮ್ರ ಹೊರಗೆ ಹೋಗಲೇಬೇಕು ಅನ್ನೋ ಕಡೆ, ಉದಾಹರಣೆಗೆ ಮಾಡಿನ ಕೆಳಗಿನ ಕ್ಯಾಮೆರಾ, ಅಲ್ಲಿ ಕಟ್ಟಡಕ್ಕೆ ಕೇಬಲ್ ಬರೋ ಜಾಗದಲ್ಲಿ ಈಥರ್ನೆಟ್ ಸರ್ಜ್ ಪ್ರೊಟೆಕ್ಟರ್ ಹಾಕಿ. ಅದರ ಹಸಿರು ವೈರ್ ಅರ್ಥಿಂಗ್‌ಗೆ ಹೋಗಿರಲೇಬೇಕು, ಗಿಡ್ಡವಾಗಿ ದಪ್ಪವಾಗಿ ನೇರವಾಗಿ. ಅರ್ಥ್ ಇಲ್ಲದ ಪ್ರೊಟೆಕ್ಟರ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ನೆಟ್‌ವರ್ಕಿಗೆ ಅಂತ ಬೇರೆ ಅರ್ಥ್ ಗುಂಡಿ ತೋಡಿ ಅದನ್ನ ಮನೆ ಅರ್ಥ್‌ಗೆ ಸೇರಿಸದೇ ಬಿಡೋದು ಇನ್ನೂ ಅಪಾಯ, ಸಿಡಿಲು ಬಡಿದಾಗ ಎರಡು ಗುಂಡಿ ನಡುವೆ ವೋಲ್ಟೇಜ್ ವ್ಯತ್ಯಾಸ ಬಂದು ಅದು ಮಷೀನಿನ ಮೂಲಕಾನೇ ಹಾದು ಹೋಗುತ್ತೆ. ಎಲ್ಲಾ ಅರ್ಥೂ ಒಂದಕ್ಕೊಂದು ಸೇರಿರಬೇಕು. ಈ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಟೈಮ್ ಎಲ್ಲಿಂದ ತರೋದು

ಈಗ ಗಡಿಯಾರಕ್ಕೆ ಬರೋಣ. ತತ್ವ ಇಷ್ಟೇ, ಮನೆಗೆ ಒಬ್ಬನೇ ಟೈಮ್ ಹೇಳೋನು ಇರಬೇಕು, ಉಳಿದ ಮಷೀನುಗಳೆಲ್ಲಾ ಅವನನ್ನೇ ಕೇಳಬೇಕು. ಕೇಳೋ ಭಾಷೆ ಎನ್‌ಟಿಪಿ, ಯುಡಿಪಿ ಪೋರ್ಟ್ 123ರಲ್ಲಿ (ಇದು ಸ್ವಿಚ್‌ನ ತೂತಲ್ಲ, ನೆಟ್‌ವರ್ಕ್ ಒಳಗಿನ ಬಾಗಿಲಿನ ನಂಬರ್) ನಡೆಯುತ್ತೆ, 1985ರಿಂದ ಬಳಕೆಯಲ್ಲಿರೋ ಹಳೇ ಗಟ್ಟಿ ವ್ಯವಸ್ಥೆ.

ಸುಲಭದ ದಾರಿ ಅಂದ್ರೆ ರೂಟರ್. ಸ್ವಲ್ಪ ಒಳ್ಳೇ ರೂಟರ್‌ಗಳಲ್ಲಿ ಎನ್‌ಟಿಪಿ ಸರ್ವರ್ ಅಂತ ಒಂದು ಆಯ್ಕೆ ಇರುತ್ತೆ, ಅದು ಇಂಟರ್ನೆಟ್‌ನಿಂದ ಟೈಮ್ ತಗೊಂಡು ಒಳಗಿನವರಿಗೆ ಹಂಚುತ್ತೆ. ನಮ್ಮ ದೇಶದ ಅಧಿಕೃತ ಟೈಮ್ ಇಟ್ಟುಕೊಳ್ಳೋದು ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ, ಅವರದ್ದೂ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯದ್ದೂ ಎನ್‌ಟಿಪಿ ಸರ್ವರ್‌ಗಳಿವೆ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೊಟ್ಟ ನಿರ್ದೇಶನದಲ್ಲಿ ಕಂಪನಿ, ಡೇಟಾ ಸೆಂಟರ್‌ಗಳೆಲ್ಲಾ ಈ ಸರ್ವರ್‌ಗಳಿಗೋ ಇವಕ್ಕೆ ಹೊಂದಿಕೊಂಡ ಸರ್ವರ್‌ಗಳಿಗೋ ಟೈಮ್ ಹೊಂದಿಸಿಕೊಳ್ಳಬೇಕು ಅಂತ ಹೇಳಿದ್ದಾರೆ. ನಮ್ಮ ಸಣ್ಣ ಆಫೀಸಿಗೂ ಅವೇ ಒಳ್ಳೇದು.

ಆದ್ರೆ ಇಲ್ಲಿ ಕೊಡಗಿನ ಕಷ್ಟ ಬರುತ್ತೆ. ಜುಲೈ ಮಳೆಗೆ ಫೈಬರ್ ಕಟ್ ಆಗಿ ಇಂಟರ್ನೆಟ್ ವಾರಗಟ್ಟಲೆ ಇಲ್ಲ, ಕರೆಂಟೂ ಹೋಗಿ ಯುಪಿಎಸ್ ಖಾಲಿ ಆಗಿ ಮತ್ತೆ ಕರೆಂಟ್ ಬಂದಾಗ ಸುಮಾರು ರೂಟರ್‌ಗಳಿಗೆ ಒಳಗೆ ಬ್ಯಾಟರಿ ಗಡಿಯಾರ ಇಲ್ಲದೇ ಇರೋದರಿಂದ ಅದು 1970ಕ್ಕೋ 2000ಕ್ಕೋ ಹೋಗಿ ಕೂತಿರುತ್ತೆ. ಅದನ್ನೇ ನಂಬಿದ ಅಟೆಂಡೆನ್ಸ್ ಮಷೀನು ಕೆಲಸದವರ ಹಾಜರಿಯನ್ನ ಜನವರಿ 1ಕ್ಕೆ ಬರೆಯುತ್ತೆ, ಶನಿವಾರ ಬಟವಾಡೆ ಟೈಮಲ್ಲಿ ತೋಟದ ಲೆಕ್ಕ ಬರೆಯೋ ರೈಟರು ತಲೆ ಮೇಲೆ ಕೈ ಹೊತ್ತುಕೊಂಡು ಕೂರ್ತಾರೆ, ದುಡಿದವರಿಗೆ ಅನ್ಯಾಯ ಆಗೋದು ಇಲ್ಲೇ.

ಇದಕ್ಕೆ ಎರಡು ಪರಿಹಾರ. ಕಮ್ಮಿ ಖರ್ಚಿನದು ರಾಸ್ಪ್‌ಬೆರಿ ಪೈ ಅನ್ನೋ ಒಂದು ಪುಟ್ಟ ಕಂಪ್ಯೂಟರ್, ಅದಕ್ಕೆ ಡಿಎಸ್3231 ಅನ್ನೋ ಪುಟ್ಟ ಗಡಿಯಾರ ಮಾಡ್ಯೂಲ್, ನಾಣ್ಯದ ಬ್ಯಾಟರಿ ಸಮೇತ. ಮಾಮೂಲಿ ಕ್ವಾರ್ಟ್ಜ್ ಚಿಪ್ ದಿನಕ್ಕೆ ಒಂದೆರಡು ಸೆಕೆಂಡ್ ಆಚೀಚೆ ಆಗುತ್ತೆ, ಇದು ವರ್ಷಕ್ಕೆ ಹೆಚ್ಚು ಅಂದ್ರೆ ಸುಮಾರು ಒಂದು ನಿಮಿಷ. ಪೈ ಮೇಲೆ ಕ್ರೋನಿ ಅನ್ನೋ ಉಚಿತ ಪ್ರೋಗ್ರಾಂ ಹಾಕಿ, ನಿಮ್ಮ ಒಳಗಿನ ನೆಟ್‌ವರ್ಕ್‌ನವರಿಗೆ ಉತ್ತರ ಕೊಡೋಕೆ ಅನುಮತಿ ಕೊಡಿ, ಇಂಟರ್ನೆಟ್ ಇಲ್ಲದಾಗಲೂ ತನ್ನ ಟೈಮೇ ಹಂಚು ಅನ್ನೋ ಲೋಕಲ್ ಸ್ಟ್ರೇಟಮ್ ಸೆಟ್ಟಿಂಗ್ 10ಕ್ಕೆ ಇಡಿ. ಇದಿಲ್ಲದಿದ್ರೆ ಇಂಟರ್ನೆಟ್ ಇಲ್ಲದೆ ಪೈ ಸ್ಟಾರ್ಟ್ ಆದಾಗ ಅದು ತನಗೇ ಟೈಮ್ ಗೊತ್ತಿಲ್ಲ ಅಂತ ಹೇಳುತ್ತೆ, ಆಗ ಉಳಿದವು ಅದರ ಮಾತು ಕೇಳಲ್ಲ.

ಇನ್ನೊಂದು ಜಿಪಿಎಸ್ ಟೈಮ್ ಸರ್ವರ್. ಇಂಟರ್ನೆಟ್ ಬೇಡವೇ ಬೇಡ, ಉಪಗ್ರಹದಿಂದ ನೇರ ಟೈಮ್. ಆ್ಯಂಟೆನಾಗೆ ಆಕಾಶ ಕಾಣಬೇಕು, ಇದೇ ಇಲ್ಲಿ ತೊಂದರೆ, ಸಿಲ್ವರ್ ಮರ, ಹಲಸಿನ ಮರದ ಕೆಳಗಿನ ಆಫೀಸಿಗೆ ಆಕಾಶ ಕಾಣೋದೇ ತುಣುಕು ತುಣುಕು, ಒದ್ದೆ ಎಲೆ ಸಿಗ್ನಲ್ ಇನ್ನೂ ನುಂಗುತ್ತೆ. ಕಣದ ಕಡೆಗಿರೋ ಮಾಡಿನ ಅಂಚು ಒಳ್ಳೇ ಜಾಗ, ಕಾಫಿ ಒಣಗಿಸೋಕೆ ಬಿಸಿಲು ಬೇಕು ಅಂತ ಅಲ್ಲಿ ಮರ ಇರಲ್ಲ. ಆದ್ರೆ ಎತ್ತರ ಬೇಕು ಅಂತ ಕಂಬದ ತುದಿಗೆ ಏರಿಸಬೇಡಿ, ಸಿಡಿಲಿಗೆ ಕರೆ ಕೊಟ್ಟ ಹಾಗೆ. ಮಿಂಚುವಾಹಕ ಇದ್ರೆ ಅದರಿಂದ ಕೆಳಗೇ, ಸ್ವಲ್ಪ ದೂರದಲ್ಲೇ ಇರಲಿ, ಆ್ಯಂಟೆನಾದ ಕೋಆಕ್ಸ್ ಕೇಬಲ್ ಒಳಗೆ ಬರೋ ಜಾಗದಲ್ಲಿ ಅದಕ್ಕೂ ಸಿಡಿಲು ತಡೆಯೋ ಅರೆಸ್ಟರ್ ಹಾಕಿ, ಆ್ಯಂಟೆನಾಗೆ ಆ ಕೇಬಲ್ಲಲ್ಲೇ ಕರೆಂಟ್ ಹೋಗೋದರಿಂದ ಡಿಸಿ ಬಿಡೋ ಅರೆಸ್ಟರ್ ಬೇಕು ಅಂತ ಹೇಳಿ ತಗೊಳ್ಳಿ.

ಸ್ವಿಚ್‌ಗೆ ಜೋಡಿಸೋದು

ಮೊದಲು ಟೈಮ್ ಸರ್ವರ್, ಆಮೇಲೆ ಗಡಿಯಾರ, ಕೊನೆಗೆ ಉಳಿದದ್ದು. ಟೈಮ್ ಸರ್ವರ್‌ಗೆ ಬದಲಾಗದ ನೆಟ್‌ವರ್ಕ್ ವಿಳಾಸ ಕೊಡಿ, 192.168.1.10 ಅಂತಿಟ್ಟುಕೊಳ್ಳಿ. ಮೊದಲನೇ ಪೋರ್ಟಿಗೆ ಹಾಕಿ, ಸ್ವಿಚ್ ಮೈಮೇಲೆ ಲೇಬಲ್ ಅಂಟಿಸಿ. ಸ್ವಿಚ್‌ಗೂ ಅದರ ಸೆಟ್ಟಿಂಗ್ ಪೇಜಿನಲ್ಲಿ ಎನ್‌ಟಿಪಿ ವಿಳಾಸ ಇದನ್ನೇ ಕೊಡಿ, ಟೈಮ್ ಝೋನ್ +5.30. ಬರೀ +5 ಆರಿಸಿದ್ರೆ ಅರ್ಧ ಗಂಟೆ ಹಿಂದೆ ಬೀಳುತ್ತೆ, ಡೇಲೈಟ್ ಸೇವಿಂಗ್ ಅಂತ ಇರೋದನ್ನ ಆಫ್ ಮಾಡಿ.

ಗೋಡೆ ಗಡಿಯಾರ ಪಿಓಇಯದ್ದಾದ್ರೆ ಒಂದೇ ಕೇಬಲ್, ಬೇರೆ ಕರೆಂಟ್ ಪಾಯಿಂಟ್ ಬೇಡ. ಚುಚ್ಚಿದ ಮೇಲೆ ಅದು ಡಿಎಚ್‌ಸಿಪಿಯಿಂದ, ಅಂದ್ರೆ ಮಷೀನುಗಳಿಗೆ ತಾನಾಗೇ ವಿಳಾಸ ಹಂಚೋ ವ್ಯವಸ್ಥೆಯಿಂದ, ವಿಳಾಸ ಕೇಳುತ್ತೆ. ಇಲ್ಲಿ ಒಂದು ಸೂಕ್ಷ್ಮ ಇದೆ: ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಹಳೇ ಥರದ ಸ್ಪ್ಯಾನಿಂಗ್ ಟ್ರೀ (ವೈರು ಸುತ್ತು ಹಾಕಿಕೊಂಡಿದ್ರೆ ಆ ಪೋರ್ಟ್ ತಡೆಯೋ ವ್ಯವಸ್ಥೆ) ಆನ್ ಇದ್ರೆ ಪೋರ್ಟ್ ತೆರೆದುಕೊಳ್ಳೋಕೆ 30 ಸೆಕೆಂಡ್ ಬೇಕು, ಅಷ್ಟರಲ್ಲಿ ಗಡಿಯಾರ ಕೇಳಿ ಕೇಳಿ ಸುಮ್ಮನಾಗಿ 169.254ರಿಂದ ಶುರುವಾಗೋ ವಿಳಾಸ ತಾನೇ ಹಾಕಿಕೊಂಡಿರುತ್ತೆ. ಕರೆಂಟ್ ಹೋಗಿ ಬಂದಾಗಲೆಲ್ಲಾ ಗಡಿಯಾರ ಸೊನ್ನೆ ತೋರಿಸ್ತಾ ನಿಂತ್ರೆ ಕಾರಣ ಇದೇ ಇರಬಹುದು. ಆ ಪೋರ್ಟಿಗೆ ಪೋರ್ಟ್‌ಫಾಸ್ಟ್ ಅಥವಾ ಎಡ್ಜ್ ಪೋರ್ಟ್ ಅನ್ನೋದನ್ನ ಆನ್ ಮಾಡಿ. ಸ್ಪ್ಯಾನಿಂಗ್ ಟ್ರೀಯನ್ನೇ ಪೂರ್ತಿ ಆಫ್ ಮಾಡಬೇಡಿ, ಯಾರಾದ್ರೂ ಒಂದು ವೈರಿನ ಎರಡೂ ತುದಿ ಅದೇ ಸ್ವಿಚ್‌ಗೆ ಚುಚ್ಚಿದ್ರೆ ಇಡೀ ನೆಟ್‌ವರ್ಕ್ ಮಲಗುತ್ತೆ. ಗಡಿಯಾರದ ನೆಟ್‌ವರ್ಕ್ ವೇಗ ಸಾಮಾನ್ಯವಾಗಿ 10 ಅಥವಾ 100 ಎಂಬಿಪಿಎಸ್, ಹೊಸ ಸ್ವಿಚ್‌ಗಳ 2.5 ಗಿಗಾ ಪೋರ್ಟುಗಳಲ್ಲಿ ಸುಮಾರು 10ಕ್ಕೆ ಇಳಿಯಲ್ಲ, ಲೈಟೇ ಬರದಿದ್ರೆ ಪೋರ್ಟ್ ಬದಲಾಯಿಸಿ ನೋಡಿ.

ಡಿಎಚ್‌ಸಿಪಿಯಲ್ಲಿ ಆಪ್ಷನ್ 42 ಅಂತಿದೆ, ಅದರಲ್ಲಿ ಟೈಮ್ ಸರ್ವರ್ ವಿಳಾಸ ಹಾಕಿದ್ರೆ ಮಷೀನುಗಳು ತಾವೇ ತಿಳ್ಕೊಳ್ಳಬಹುದು. ಆದ್ರೆ ಸುಮಾರು ಮಷೀನು ಅದನ್ನ ಕಿವಿಗೇ ಹಾಕಿಕೊಳ್ಳಲ್ಲ, ಒಂದೊಂದಕ್ಕೂ ಕೈಯಲ್ಲೇ ವಿಳಾಸ ಬರೆಯೋದು ವಾಸಿ.

ಕ್ಯಾಮೆರಾ ವಿಷಯದಲ್ಲಿ ಇಬ್ಬರು ಯಜಮಾನರು ಆಗದ ಹಾಗೆ ನೋಡ್ಕೊಳ್ಳಿ. ಎನ್‌ವಿಆರ್ ತನ್ನ ಟೈಮನ್ನ ಕ್ಯಾಮೆರಾಗೆ ಹೇರುತ್ತೆ, ಕ್ಯಾಮೆರಾ ಆ ಕಡೆ ಎನ್‌ಟಿಪಿಯಿಂದಲೂ ತಗೊಳ್ಳುತ್ತೆ, ಎರಡೂ ಬೇರೆ ಇದ್ರೆ ಪರದೆ ಮೇಲಿನ ಟೈಮ್ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತೆ. ಎನ್‌ವಿಆರ್ ಅನ್ನ 192.168.1.10ಕ್ಕೆ ಹೊಂದಿಸಿ, ಕ್ಯಾಮೆರಾಗಳು ಎನ್‌ವಿಆರ್ ಮಾತು ಮಾತ್ರ ಕೇಳಲಿ. ಅಪ್‌ಡೇಟ್ ಅವಧಿ 1440 ನಿಮಿಷ ಅಂತಿದ್ರೆ 60 ಮಾಡಿ.

ತೂಕದ ಮಷೀನಿಗೆ ನೆಟ್‌ವರ್ಕ್ ಪೋರ್ಟ್ ಸಾಮಾನ್ಯ ಇರಲ್ಲ, ಹಿಂದೆ ಆರ್‌ಎಸ್-232 ಅನ್ನೋ ಒಂಬತ್ತು ಪಿನ್ನಿನ ಪೋರ್ಟ್ ಇರುತ್ತೆ. ಅದಕ್ಕೆ ಸೀರಿಯಲ್-ಟು-ಈಥರ್ನೆಟ್ ಕನ್ವರ್ಟರ್ ಹಾಕಿ ಸ್ವಿಚ್‌ಗೆ ತರಬೇಕು. ಸೀರಿಯಲ್ ವೈರು 15 ಮೀಟರ್ ದಾಟಬಾರದು, ಹಾಗಾಗಿ ಕನ್ವರ್ಟರ್ ತೂಕದ ಮಷೀನಿನ ಪಕ್ಕದಲ್ಲೇ ಇರಲಿ. ಮಷೀನಿನ ಬಾಡ್ ರೇಟ್ (ಡೇಟಾ ಕಳಿಸೋ ವೇಗ) 9600 ಇದ್ರೆ ಕನ್ವರ್ಟರ್‌ನಲ್ಲೂ ಅದೇ, 2400 ಇದ್ರೆ ಅದೇ, ಹೊಂದದೇ ಇದ್ರೆ ಕೆಜಿ ಬದಲು ಅರ್ಥವಿಲ್ಲದ ಅಕ್ಷರ ಬರುತ್ತೆ. ಸಂಜೆ ಕೆಲಸದವರು ಕುಯ್ದ ಹಣ್ಣು ತೂಗೋವಾಗ ತೂಕ, ಹೆಸರು, ಟೈಮ್ ಮೂರೂ ಒಟ್ಟಿಗೆ ಬಿಲ್ಲಾಗಿ ಬಂದ್ರೆ ಆಮೇಲೆ ಯಾರಿಗೂ ಯಾರ ಮೇಲೂ ಅನುಮಾನ ಬರಲ್ಲ. ಅಟೆಂಡೆನ್ಸ್ ಮಷೀನು ತಗೊಳ್ಳೋದಾದ್ರೆ ಬೆರಳಿನದ್ದಕ್ಕಿಂತ ಮುಖದ್ದು ನೋಡಿ, ಕುಯ್ಲಿನ ದಿನಗಳಲ್ಲಿ ಕೈಯೆಲ್ಲಾ ಅಂಟು, ಸವೆದ ಬೆರಳನ್ನ ಮಷೀನು ಗುರುತೇ ಹಿಡಿಯಲ್ಲ.

ಪ್ರಿಂಟರ್‌ಗೆ ಸ್ಥಿರ ವಿಳಾಸ ಕೊಟ್ರೆ ಮುಗೀತು.

ಒಂದು ಪೋರ್ಟ್ ಬಗ್ಗೆ ಮಾತ್ರ ಹುಷಾರು. ಸ್ವಿಚ್ ಮೇಲೆ ಕನ್ಸೋಲ್ ಅಂತ ಬರೆದಿರೋದು ನೋಡೋಕೆ ನೆಟ್‌ವರ್ಕ್ ಪೋರ್ಟ್ ಥರಾನೇ ಇರುತ್ತೆ, ಆದ್ರೆ ಅದು ಲ್ಯಾಪ್‌ಟಾಪ್‌ನಿಂದ ಸೆಟ್ಟಿಂಗ್ ಮಾಡೋಕೆ, ತಿಳಿನೀಲಿ ಚಪ್ಪಟೆ ಕೇಬಲ್ ಹಾಕೋದು, ಸಾಮಾನ್ಯ 9600 ವೇಗ. ಅದಕ್ಕೆ ಪಿಓಇ ಬರ್ತಿರೋ ವೈರ್ ಚುಚ್ಚಬೇಡಿ. ಮೊಬೈಲ್ ಟವರ್, ಎಕ್ಸ್‌ಚೇಂಜ್‌ಗಳಲ್ಲಿ ಬಳಸೋ ದೊಡ್ಡ ಸ್ವಿಚ್‌ಗಳಲ್ಲಿ ಇನ್ನೂ ಕೆಲವು ಇರ್ತವೆ: 10 ಮೆಗಾಹರ್ಟ್ಜ್, 1ಪಿಪಿಎಸ್ ಅಂತ ಬರೆದ ಪುಟಾಣಿ ಕೋಆಕ್ಸ್ ಪಿನ್ನುಗಳು, ಬಿಟ್ಸ್ ಅನ್ನೋ ಪೋರ್ಟ್. ಒಂದು ತಾಳ ಕೊಡುತ್ತೆ, ಇನ್ನೊಂದು ಸೆಕೆಂಡಿಗೊಂದು ಮಿಡಿತ ಕೊಡುತ್ತೆ, ಆ ಮಿಡಿತ ಎಷ್ಟು ಗಂಟೆಯದು ಅಂತ ಹೇಳೋಕೆ ಟಿಓಡಿ ಅಂತ ಬೇರೆ ಪೋರ್ಟು. ಟವರ್‌ಗಳಿಗೆ ಮೈಕ್ರೋಸೆಕೆಂಡ್ ಲೆಕ್ಕದ ಟೈಮ್ ಬೇಕಾಗುತ್ತೆ, ಅದಕ್ಕೆ ಪಿಟಿಪಿ ಅನ್ನೋ ಬೇರೆ ವ್ಯವಸ್ಥೆ, ಐಇಇಇ 1588. ಸೆಕೆಂಡ್ ಹ್ಯಾಂಡಲ್ಲಿ ಇಂಥ ಸ್ವಿಚ್ ಸಿಕ್ಕಿದ್ರೆ ಆ ಪೋರ್ಟುಗಳನ್ನ ಮುಟ್ಟದೇ ಬಿಡಿ, ಕ್ಯಾಪ್ ಹಾಕಿ. ತೋಟಕ್ಕೆ ಎನ್‌ಟಿಪಿಯೇ ಧಾರಾಳ ಸಾಕು.

ಎಲ್ಲಾ ಆದಮೇಲೆ ಪರೀಕ್ಷೆ

ಇಂಟರ್ನೆಟ್ ಕೇಬಲ್ ಕಿತ್ತು ಹಾಕಿ. ಸ್ವಿಚ್ ಆಫ್ ಮಾಡಿ ಆನ್ ಮಾಡಿ. ಹತ್ತು ನಿಮಿಷ ಬಿಟ್ಟು ಗೋಡೆ ಗಡಿಯಾರ, ಅಟೆಂಡೆನ್ಸ್ ಮಷೀನು, ಎನ್‌ವಿಆರ್ ಪರದೆ, ಬಿಲ್ಲಿಂಗ್ ಕಂಪ್ಯೂಟರ್ ನಾಲ್ಕೂ ಕಾಣೋ ಹಾಗೆ ಮೊಬೈಲಲ್ಲಿ ಒಂದೇ ಫೋಟೋ ತೆಗೀರಿ. ಸೆಕೆಂಡು ಸಹ ಹೊಂದಬೇಕು. ಆಮೇಲೆ ಗೇಟ್ ಕ್ಯಾಮೆರಾ ಎದುರು ಮೊಬೈಲ್ ಟೈಮ್ ತೋರಿಸಿ ರೆಕಾರ್ಡಿಂಗ್ ತೆಗೆದು ನೋಡಿ. ಬಿಲ್ಲಿಂಗ್ ಕಂಪ್ಯೂಟರ್ ಮಾತ್ರ ಹೊಂದದೇ ಇದ್ರೆ ವಿಂಡೋಸ್‌ನ ಇಂಟರ್ನೆಟ್ ಟೈಮ್ ಜಾಗದಲ್ಲಿ ಹಳೇ ಸರ್ವರ್ ಹೆಸರೇ ಇರುತ್ತೆ, ಅಲ್ಲಿ 192.168.1.10 ಹಾಕಿ ಅಪ್‌ಡೇಟ್ ಒತ್ತಿ. ಯಾವುದೂ ಹೊಂದ್ತಿಲ್ಲ ಅಂದ್ರೆ ಪೈ ಮೇಲಿನ ಫೈರ್‌ವಾಲ್ 123 ತಡೀತಾ ಇದೆಯಾ ನೋಡಿ.

ವರ್ಷಕ್ಕೊಂದು ಸಲ, ಕಾಫಿ ಹೂ ಅರಳಿಸೋ ಹೂಮಳೆ ಮುಗಿದು ಗುಡುಗು ಮಳೆ ಶುರುವಾಗೋ ಮೊದಲು, ಅರ್ಧ ದಿನ ಇದಕ್ಕೆ ಇಡಿ. ಅರ್ಥ್ ಗುಂಡಿಗೆ ನೀರು ಹಾಕಿ ಎಲೆಕ್ಟ್ರಿಷಿಯನ್ ಹತ್ರ ಅಳೆಸಿ, ಸರ್ಜ್ ಪ್ರೊಟೆಕ್ಟರ್ ಸತ್ತಿದ್ರೆ ಬದಲಾಯಿಸಿ, ಹೊರಗಿನ ಬಾಕ್ಸ್‌ಗಳಲ್ಲಿ ಹಳೇ ಸಿಲಿಕಾ ಜೆಲ್ ತೆಗೆದು ಹೊಸದು ಹಾಕಿ, ಕೇಬಲ್ ತುದಿಯ ಆರ್‌ಜೆ45 ಪ್ಲಗ್ಗಿನ ಪಿನ್ನುಗಳು ಹಸಿರು ತಿರುಗಿದ್ರೆ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಮೈನ್ ಆಫ್ ಮಾಡಿ ನೋಡಿ. ಎನ್‌ವಿಆರ್ ಒಳಗೂ ಒಂದು ಸಿಆರ್2032 ನಾಣ್ಯದ ಬ್ಯಾಟರಿ ಸಾಮಾನ್ಯ ಇರುತ್ತೆ, ಗಡಿಯಾರ ಮಾಡ್ಯೂಲಿನದ್ದು ಬದಲಾಯಿಸೋವಾಗ ಅದನ್ನೂ ಒಟ್ಟಿಗೆ ಬದಲಾಯಿಸಿ, ಆದರೆ ಡಿಎಸ್3231 ಜೊತೆ ಬಂದಿದ್ದು ಎಲ್‌ಐಆರ್2032 ಅನ್ನೋ ಚಾರ್ಜ್ ಆಗೋ ಬ್ಯಾಟರಿಯಾ ಅಂತ ಮೊದಲು ನೋಡಿ, ಆ ಥರದ ಮಾಡ್ಯೂಲ್‌ನಲ್ಲಿ ಚಾರ್ಜ್ ಮಾಡೋ ಸರ್ಕ್ಯೂಟ್ ಇರೋದರಿಂದ ಅದಕ್ಕೆ ಮಾಮೂಲಿ ಸಿಆರ್2032 ಹಾಕಬಾರದು.